ಇಳಿಯಲು ಹನ್ನೊಂದು ನಿಮಿಷ

ನೆಲ ಮುಟ್ಟಲು ಹನ್ನೊಂದು ನಿಮಿಷ ಬಾಕಿ ಇತ್ತು. ಒಂಬತ್ತು ಗಂಟೆ ಹಾರಿ ಬಂದ ವಿಮಾನ. ಅಷ್ಟರಲ್ಲಿ ಅಣ್ಣ ಮೇನ್ ಸ್ವಿಚ್ ಎಳೆದುಬಿಟ್ಟ. ಈ ಮಾತನ್ನು ಪೈಲಟ್ ಇವತ್ತಿಗೂ ಬಿಟ್ಟಿಲ್ಲ. ಅಣ್ಣನೇ ಈಗಿಲ್ಲ, ಮಾತು ಮಾತ್ರ ಹಾಗೇ ಇದೆ.

ಪೈಲಟ್ ಅಂದರೆ ನಿಜವಾದ ಪೈಲಟ್ ಅಲ್ಲ, ಟಿವಿ ರಿಪೇರಿಯವನು. ಏಳನೇ ಕ್ಲಾಸಿಗೇ ಸ್ಕೂಲಿಗೊಂದು ದೊಡ್ಡ ನಮಸ್ಕಾರ ಹಾಕಿ ಅಪ್ಪನ ಅಂಗಡಿಯಲ್ಲಿ ಬಂದು ಕೂತವನು. ಅಣ್ಣ ಮೋಟಾರು, ಟ್ರಾನ್ಸ್‌ಫಾರ್ಮರಿಗೆ ತಂತಿ ಸುತ್ತುತ್ತಿದ್ದ, ಇವನು ಟಿವಿ ಬಿಚ್ಚುತ್ತಿದ್ದ. ವಿಮಾನದೊಳಗೆ ಒಂದು ಸಲವೂ ಕಾಲಿಟ್ಟವನಲ್ಲ, ಹಾರಿಸುವುದೆಲ್ಲ ಕಂಪ್ಯೂಟರಿನ ಪರದೆಯ ಮೇಲೆ. ಆ ಹೆಸರಿಟ್ಟವನು ಎದುರಿನ ಟೀ ಅಂಗಡಿಯವನು. 'ಸಾಹೇಬ್ರೇ, ಇವತ್ತು ಯಾವ ದೇಶಕ್ಕೆ ಸವಾರಿ?' ಎಂದು ದಿನಾ ಕೆಣಕುತ್ತಿದ್ದ. ಅದನ್ನು ಇವನು ನುಂಗಿಕೊಳ್ಳುತ್ತಿದ್ದ. ಆದರೆ ಯಾರಾದರೂ 'ಕಂಪ್ಯೂಟರ್ ಆಟ' ಅಂದರೋ, ಮೂಗಿನ ತುದಿಯಲ್ಲಿದ್ದ ಸಿಟ್ಟು ನಾಲಿಗೆಗೆ ಬಂದುಬಿಡುತ್ತಿತ್ತು.

ಎಲ್ಲ ಶುರುವಾಗಿದ್ದು ಕೀಬೋರ್ಡಿನ ಆಕಾರದ ಒಂದು ಡಬ್ಬಿಯಿಂದ. ಟಿವಿಗೆ ಸಿಕ್ಕಿಸಿದರೆ ಕಂಪ್ಯೂಟರ್ ಆಗುವ ಕಾಲದ್ದು ಅದು. ಯಾರೋ ರಿಪೇರಿಗೆ ಕೊಟ್ಟು ಊರು ಬಿಟ್ಟಿದ್ದರು. ಜೊತೆಗೊಂದು ಕ್ಯಾಸೆಟ್ ಇತ್ತು, ಅದರಲ್ಲಿ ಹಾಡಿರಲಿಲ್ಲ, ವಿಮಾನ ಇತ್ತು. ಡಬ್ಬಿಯ ಟ್ರಾನ್ಸ್‌ಫಾರ್ಮರ್ ಸುಟ್ಟು ಕರಕಲಾಗಿತ್ತು, ಅಂಥದ್ದು ಪೇಟೆಯಲ್ಲೆಲ್ಲೂ ಸಿಗಲಿಲ್ಲ. ಅಣ್ಣ ಎರಡು ಸಂಜೆ ಕೂತು ಕೂದಲಿನಷ್ಟು ಸಣ್ಣ ತಂತಿಯನ್ನು ಕೈಯಲ್ಲೇ ಸುತ್ತಿ ಅದಕ್ಕೆ ಜೀವ ಕೊಟ್ಟ. ಕ್ಯಾಸೆಟ್ಟಿನಲ್ಲಿದ್ದ ಪ್ರೋಗ್ರಾಂ ಡಬ್ಬಿಯೊಳಗೆ ಇಳಿಯುವ ತನಕ ಟೇಪ್‌ರೆಕಾರ್ಡರ್ ಆರು ನಿಮಿಷ ಕಿರುಚಿತು. ವಾಲ್ಯೂಮ್ ಒಂದು ಕೂದಲೆಳೆ ಆಚೀಚೆಯಾದರೆ ಮತ್ತೆ ಮೊದಲಿಂದ. ಕೊನೆಗೆ ಟಿವಿಯಲ್ಲಿ ಮೇಲೆ ನೀಲಿ, ಕೆಳಗೆ ಹಸಿರು, ನಡುವೆ ನಾಲ್ಕು ಬಿಳಿ ಗೆರೆ ಮೂಡಿತು. ಆ ನಾಲ್ಕು ಗೆರೆಯೇ ರನ್‌ವೇ.

ಖುಷಿಯಲ್ಲಿ ತಮ್ಮ ಮಾತು ಕೊಟ್ಟ. 'ಅಣ್ಣಾ, ಇಳ್ಸೋದು ಕಲ್ತ ತಕ್ಷಣ ಈ ಸೀಟು ನಿಂದು. ನಾನೇ ಹೇಳ್ಕೊಡ್ತೀನಿ, ನೀನೇ ಇಳಿಸ್ಬೇಕು.'

'ಒಂದೇ ಒಂದು ಸಲ ಸಾಕು ಕಣೋ' ಅಂದ ಅಣ್ಣ.

ಕಲಿಯಲು ಮೂರು ತಿಂಗಳು ಬೇಕಾಯಿತು. ಕಲಿತ ಮೇಲೆ ಆ ನಾಲ್ಕು ಗೆರೆ ತೋರಿಸಿ ಅಣ್ಣನನ್ನು ಕೂರಿಸಲು ಇವನಿಗೇ ನಾಚಿಕೆ. ಇನ್ನೂ ಚೆನ್ನಾಗಿರೋದು ಬರ್ತಿದೆ, ಅದರಲ್ಲಿ ಕೂರು ಅಂದ. ನಿಜಕ್ಕೂ ಬಂತು. ಫ್ಲಾಪಿಯಲ್ಲಿ ಬಂದದ್ದರಲ್ಲಿ ಹದಿನಾರು ಬಣ್ಣ ಇತ್ತು. ಆದರೆ ಚಿತ್ರ ತಟಕ್ ತಟಕ್ ಎಂದು ಹೆಜ್ಜೆ ಹಾಕುತ್ತಿತ್ತು. ಆಮೇಲೆ ಸಿಡಿ ಬಂತು, ಗುಡ್ಡ ಬಂತು, ಮೋಡ ಬಂತು, ಪೈಲಟ್ ಸೀಟಿನ ಮುಂದಿನ ಮೀಟರುಗಳ ಮುಳ್ಳು ಅಲುಗಾಡಿತು. ಆಮೇಲೆ ಇಂಟರ್ನೆಟ್ ಬಂತು. ಎಲ್ಲೆಲ್ಲಿಯವರೋ ತಮ್ಮ ತಮ್ಮ ಊರಿನ ವಿಮಾನ ನಿಲ್ದಾಣವನ್ನು ತಾವೇ ಕಂಪ್ಯೂಟರಿನಲ್ಲಿ ಕಟ್ಟಿ ಬಿಟ್ಟಿ ಹಂಚತೊಡಗಿದರು. ಪ್ರತಿ ಸಲವೂ ಅಣ್ಣನಿಗೆ ಅದೇ ಉತ್ತರ, ಇದರಲ್ಲಿ ಬೇಡ, ಮುಂದಿನದು ಬರಲಿ. ಅಣ್ಣ ತಲೆಯಾಡಿಸಿ ತಂತಿ ಸುತ್ತಲು ಕೂರುತ್ತಿದ್ದ. ಹೀಗೇ ಇಬ್ಬರ ತಲೆಯೂ ನರೆಯಿತು.

ಇನ್ನು ಆ ದಿನದ ಸಂಗತಿ. ದೂರದ ಹಾರಾಟವನ್ನು ಆಟದ ಗಡಿಯಾರ ಬೇಗ ಓಡಿಸದೆ, ನಿಜವಾದ ವಿಮಾನಕ್ಕೆ ಹಿಡಿಯುವಷ್ಟೇ ಹೊತ್ತು ಹಾರಿಸಬೇಕು ಎನ್ನುವುದು ಈ ಹುಚ್ಚಿನವರ ಕಟ್ಟಳೆ. ನಡುವೆ ವಿಮಾನ ತಾನೇ ಹೋಗುತ್ತಿರುತ್ತದೆ, ಮನುಷ್ಯ ಎದ್ದು ಓಡಾಡಬಹುದು. ಪೈಲಟ್ ಬೆಳಿಗ್ಗೆ ಹೊರಡಿಸಿದ್ದ. ಸಂಜೆ, ಇಳಿಸುವ ಮುಂಚೆ ಒಂದು ಟೀ ಕುಡಿದು ಬರೋಣವೆಂದು ಎದ್ದ. ಏಳುವಾಗ ಮಾನಿಟರ್ ಆರಿಸಿದ. ಪಿಕ್ಚರ್ ಟ್ಯೂಬ್ ಸುಮ್ಮನೆ ಸವೆಯಬಾರದು, ಟಿವಿ ರಿಪೇರಿಯವನ ಕೈಗೆ ಅಂಟಿದ ಚಾಳಿ. ಅಣ್ಣ ನೋಡಿದ. ತಮ್ಮ ಇಲ್ಲ, ಪರದೆ ಕಪ್ಪು, ಮನೆಗೆ ಹೋಗಿರಬೇಕು ಅಂದುಕೊಂಡ. ಪಕ್ಕದ ಅಂಗಡಿ ಬೆಂಕಿಗೆ ಹೋದಂದಿನಿಂದ, ಕೊನೆಗೆ ಹೋಗುವವನು ಮೇನ್ ಎಳೆದೇ ಹೋಗಬೇಕು ಎಂಬುದು ಅಪ್ಪ ಮಾಡಿಟ್ಟ ನಿಯಮ. ಎಳೆದ.

ಪೈಲಟ್ ಬೀದಿಯಲ್ಲೇ ನಿಂತು ಕೂಗಾಡಿದ. ಟೀ ಅಂಗಡಿಯವನು ಲೋಟ ಹಿಡಿದು ಹಾಗೇ ನಿಂತುಬಿಟ್ಟ. ಕೊನೆಗೆ ಪೈಲಟ್ ಬಾಯಿಂದ ಬಂದದ್ದು, 'ನಿನ್ ಕೈ ಸೇದ್ಹೋಗ.'

ಅಣ್ಣ ತನ್ನ ಕೈಯನ್ನೇ ಒಮ್ಮೆ ನೋಡಿಕೊಂಡು ಶಟರ್ ಎಳೆದ.

ನಾಲ್ಕು ದಿನ ಪೈಲಟ್ ಅಂಗಡಿ ಕಡೆ ತಲೆ ಹಾಕಲಿಲ್ಲ. ಐದನೇ ದಿನ ಬಡಗಿಯನ್ನು ಕರೆದುಕೊಂಡೇ ಬಂದು ನಡುವೆ ಪ್ಲೈವುಡ್ ನಿಲ್ಲಿಸಿದ. ಮೇನ್ ಅಣ್ಣನ ಪಾಲಿಗೆ ಹೋಯಿತು. ಅಂದಿನಿಂದ ಅಣ್ಣ ಸಂಜೆ ಬಾಗಿಲು ಹಾಕಿ ಹೋದರೂ ಇವನ ದೀಪ, ಕಂಪ್ಯೂಟರ್ ಆರುತ್ತಿರಲಿಲ್ಲ. ನನ್ನ ಬಾಯಿಗೆ ಹೆದರಿ ಅಪ್ಪನ ನಿಯಮವನ್ನೇ ಬಿಟ್ಟ ಎಂದು ಪೈಲಟ್ ಒಳಗೊಳಗೇ ಹಿಗ್ಗಿದ. ಹೀಗೆ ಒಂಬತ್ತು ವರ್ಷ. ಹೇಳಬೇಕಾದದ್ದೇನಿದ್ದರೂ ಅತ್ತಿಗೆಯ ಮೂಲಕ. ಈ ನಡುವೆ ಆಕಾಶದಿಂದ ತೆಗೆದ ಫೋಟೊಗಳನ್ನೇ ನೆಲಕ್ಕೆ ಹಾಸಿದ ಹೊಸ ಸಾಫ್ಟ್‌ವೇರ್ ಬಂತು. ತಮ್ಮದೇ ಬೀದಿ, ಅಂಗಡಿಯ ತಗಡು ಕೂಡ ಕಂಡಿತು. ಇನ್ನು ಇದಕ್ಕಿಂತ ಚೆನ್ನಾಗಿರೋದು ಬರುವ ಹಾಗಿರಲಿಲ್ಲ. ಪೈಲಟ್ ಪ್ಲೈವುಡ್ ಕಡೆ ನೋಡಿದ. ಕೇಳಲಿ, ಕೇಳಿದರೆ ಕರೆಯೋಣ ಅಂದುಕೊಂಡ. ಅಣ್ಣ ಕೇಳಲಿಲ್ಲ.

ಎದೆನೋವೆಂದು ಆಸ್ಪತ್ರೆಗೆ ಹೋದ ಅಣ್ಣ ತಿರುಗಿ ಬರಲಿಲ್ಲ. ಪೈಲಟ್‌ಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಹೊತ್ತಿಗೆ ಸರಿಯಾಗಿ ಉಂಡ, ನಿದ್ದೆ ಮಾಡಿದ. ಎರಡು ವಾರದ ಮೇಲೆ ಅತ್ತಿಗೆ ಬೀಗದ ಕೈ ತಂದುಕೊಟ್ಟಳು.

ಸಂಜೆ ಅಣ್ಣನ ಕಡೆಯ ಶಟರ್ ಎತ್ತಿದ. ಅರ್ಧ ಸುತ್ತಿದ ಮೋಟಾರೊಂದು ಮೇಜಿನ ಮೇಲಿತ್ತು. ಲೈಟ್ ಹಾಕಿ ಸುತ್ತ ನೋಡಿದ. ಹೊರಡುವಾಗ ಕೈ ತಾನಾಗಿ ಮೇನ್ ಕಡೆ ಹೋಯಿತು. ಎಳೆದ. ಅಣ್ಣನ ಕಡೆ ಕತ್ತಲಾಯಿತು. ಪ್ಲೈವುಡ್ ಮೇಲಿಂದ ಮಾತ್ರ ತನ್ನ ದೀಪದ ಬೆಳಕು ಚಾವಣಿಗೆ ಬೀಳುತ್ತಲೇ ಇತ್ತು. ಕಂಪ್ಯೂಟರಿನ ಫ್ಯಾನ್ ಗುಯ್‌ಗುಡುತ್ತಿತ್ತು.

ಮೇನ್ ಮತ್ತೆ ಮೇಲೆತ್ತಿ, ಮತ್ತೆ ಎಳೆದ. ಅದೇ.

ಟಾರ್ಚ್ ಬಿಟ್ಟು ತಂತಿಯ ಜಾಡು ಹಿಡಿದ. ಮೇನ್‌ಗೆ ಬರುವ ಮೊದಲೇ ಬೇರೆ ಒಂದು ಲೈನ್ ಒಡೆದು, ಅದಕ್ಕೆ ಬೇರೆ ಫ್ಯೂಸ್, ಬೇರೆ ಸ್ವಿಚ್ ಹಾಕಿ, ಗೋಡೆಯ ಮೂಲೆಗುಂಟ ತನ್ನ ಕಡೆಗೆ ಎಳೆಯಲಾಗಿತ್ತು. ಮೊಳೆ ಒಂದೇ ಅಳತೆಗೆ, ಸಾಲಾಗಿ. ಸ್ವಿಚ್ಚಿನ ಮೇಲೆ ಬಿಳಿ ಟೇಪು, ಟೇಪಿನ ಮೇಲೆ ಅಣ್ಣನ ದಪ್ಪ ಅಕ್ಷರ: 'ತಮ್ಮನದು. ಆರಿಸಬಾರದು.' ಕೆಳಗೆ ತಾರೀಖು, ಜಗಳದ ಮರುದಿನದ್ದು. ಅಣ್ಣ ಅಪ್ಪನ ನಿಯಮವನ್ನು ಒಂದು ಸಂಜೆಯೂ ಬಿಟ್ಟಿರಲಿಲ್ಲ. ಒಂಬತ್ತು ವರ್ಷ ತನ್ನ ಬೋರ್ಡಿನ ಹಿಂದೆ ಇಣುಕಿ ನೋಡದವನು, ಬೇರೆಯವರ ಟಿವಿ ಬಿಚ್ಚಿ ಬದುಕಿದವನು, ಟಾರ್ಚ್ ಹಿಡಿದು ನಿಂತಿದ್ದ.

ಬೀಗದ ಕೈ ವಾಪಸ್ ಕೊಡುವಾಗ ಕೇಳಿದ. 'ಆ ಲೈನ್ ವಿಷ್ಯ ನಿಂಗೆ ಗೊತ್ತಿತ್ತಾ ಅತ್ತಿಗೆ?'

'ಯಾವ ಲೈನೋ ಏನೋ. ವಿಮಾನ ಇಳ್ಸೋದು ಹೇಳ್ಕೊಡ್ತೀನಿ ಅಂದಿದ್ದ ಅಂತ ನಿಮ್ಮಣ್ಣ ಆಗಾಗ ಅನ್ನೋರು ಅಷ್ಟೇ.'

'ಹೂಂ' ಅಂದ.

ಪ್ಲೈವುಡ್ ತೆಗೆಸಿದ್ದಾನೆ. ಆ ಹನ್ನೊಂದು ನಿಮಿಷದ ಮಾತು ಎತ್ತಿದರೆ ಈಗಲೂ ಮುಖ ಬಿಗಿಯುತ್ತದೆ. ಮಾನಿಟರ್ ಆರಿಸಿದ್ದು ತಾನೇ ಎಂದು ಯಾರ ಹತ್ತಿರವೂ ಹೇಳಿಲ್ಲ. ಸಂಜೆ ವಿಮಾನ ಹಾರಿಸುತ್ತಾನೆ. ರನ್‌ವೇ ಎದುರಿಗೆ ಬರುತ್ತದೆ, ಚಕ್ರ ಕೆಳಗಿಳಿಯುತ್ತದೆ, ಎಲ್ಲ ಸರಿಯಾಗಿರುತ್ತದೆ. ಆಗ ಮೂಗು ಮೇಲೆತ್ತಿ ಮತ್ತೊಂದು ಸುತ್ತು ಹೊಡೆಸುತ್ತಾನೆ. ಇಂಧನ ಮುಗಿಯುವ ಮೊದಲು ಆರಿಸಿ, ಬಾಗಿಲು ಹಾಕುತ್ತಾನೆ. ಅಣ್ಣನಿಗೆ ಕೊಡಬೇಕಾದ ಇಳಿಕೆಯೊಂದು ಹಾಗೇ ಉಳಿದಿದೆ.