ಹಾಡಿಲ್ಲದ ಪದರ

ಐವತ್ತರ ದಶಕದ ಕೊನೆಯಲ್ಲಿ ನಾನು ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ರಸ್ತೆಯ ಕೆಲಸಕ್ಕೆ ಮೇಸ್ತ್ರಿಯಾಗಿದ್ದೆ. ಹಳ್ಳದ ಸೇತುವೆಯ ಪಕ್ಕ ಗರಸು ತುಂಬಿ ಏರಿ ಎತ್ತರಿಸುತ್ತಿದ್ದೆವು. ಗರಸಿನಲ್ಲಿ ಜೇಡಿಮಣ್ಣಿನ ಅಂಟಿರುವುದಿಲ್ಲ. ಹರಳು ಹರಳನ್ನು ಕಚ್ಚಿ ಹಿಡಿದರಷ್ಟೇ ಅದು ನಿಲ್ಲುತ್ತದೆ. ಸಡಿಲವಿದ್ದರೆ ಭಾರ ಬಿದ್ದೊಡನೆ ಜಾರುತ್ತದೆ. ಅದಕ್ಕೇ ಅರ್ಧ ಅಡಿಯ ಪದರ ಹರವಿ, ನೀರು ಚಿಮುಕಿಸಿ, ಹೆಂಗಸರು ದಿಮ್ಮಸು ಹೊಡೆದು ಅದನ್ನು ಗಟ್ಟಿ ಮಾಡುತ್ತಿದ್ದರು. ಪೆಟ್ಟುಗಳನ್ನು ಯಾರೂ ಎಣಿಸುತ್ತಿರಲಿಲ್ಲ. ಮುದುಕಿಯೊಬ್ಬಳು ಹಾಡು ಎತ್ತಿಕೊಡುತ್ತಿದ್ದಳು. ಅದು ಮುಗಿದರೆ ಪದರ ಗಟ್ಟಿಯಾಯಿತೆಂದೇ ಅರ್ಥ.

ಒಂದು ದಿನ ಪಕ್ಕದ ಊರಲ್ಲಿ ಸಾವಾಯಿತು. ಹೆಣ ಎತ್ತುವವರೆಗೆ ಹಾಡಬಾರದೆಂದು ಎಲ್ಲರೂ ಬಾಯಿ ಮುಚ್ಚಿಕೊಂಡೇ ಹೊಡೆದರು. ಹಾಡಿಲ್ಲದೆ ಕೈ ಬೇಗ ಸೋತವು. ನನಗೂ ಹಸಿವಾಗಿತ್ತು. ಹಿಮ್ಮಡಿಯಿಂದ ಒತ್ತಿ ನೋಡಿದಂತೆ ಮಾಡಿ, "ಸಾಕು ಬಿಡ್ರವ್ವಾ" ಎಂದೆ. ಅದರ ಮೇಲೆ ಇನ್ನೂ ನಾಲ್ಕು ಪದರ ಬಿದ್ದವು.

ಹದಿನೈದು ದಿನದ ಮೇಲೆ ಕಲ್ಲು ತುಂಬಿದ ಗಾಡಿಯೊಂದು ಏರಿಯ ಅಂಚಿಗೆ ಬಂತು. ಸರಿಯಾಗಿ ಆ ಹಾಡಿಲ್ಲದ ಪದರದಲ್ಲೇ ಏರಿ ಜಾರಿತು. ಕೆಳಗೆ ಕಲ್ಲು ಜೋಡಿಸುತ್ತಿದ್ದ ಅದೇ ಮುದುಕಿಯನ್ನು ಅಗೆದು ತೆಗೆಯುವಷ್ಟರಲ್ಲಿ ಉಸಿರಿರಲಿಲ್ಲ.

ಮೂರು ದಿನ ಬಿಟ್ಟು ಮತ್ತೆ ಗರಸು ಹರವಿದೆವು. ಹೆಂಗಸರು ದಿಮ್ಮಸು ಹಿಡಿದು ಸುಮ್ಮನೆ ನಿಂತರು. "ಹಾಡ್ರೇ!" ಎಂದು ಗದರಿದೆ.

"ಹಾಡು ಎತ್ತಿಕೊಡಾಕೀನೇ ಹೋದ್ಲಲ್ರೀ," ಎಂದಳು ಒಬ್ಬಳು.

ಒಂದು, ಎರಡು ಎಂದು ನಾನೇ ಗಟ್ಟಿಯಾಗಿ ಎಣಿಸತೊಡಗಿದೆ. ಅವತ್ತೂ ಅಷ್ಟು ಮಾಡಿದ್ದರೆ ಸಾಕಿತ್ತು.