ಹಳ್ಳದಿಂದ ಮೇಲೆ ಬಂದ ಏಡಿಗಳು

ನಮ್ಮೂರು ಹೊನ್ನಾಳಿಯಿಂದ ನ್ಯಾಮತಿಗೆ ಹೋಗುವ ದಾರಿಯಲ್ಲಿದೆ. ಊರ ಹಿಂದೆ ಒಂದು ಹಳ್ಳ. ಬೇಸಿಗೆಯಲ್ಲಿ ಗದ್ದೆಗೆ ಬಿಡುವ ಚಾನೆಲ್ ನೀರು ನಿಲ್ಲಿಸಿದ ಮೇಲೆ ಹಳ್ಳ ಹರಿಯುವುದಿಲ್ಲ. ಬಂಡೆಗಳ ನಡುವಿನ ಗುಂಡಿಗಳಲ್ಲಿ ಮಾತ್ರ ನೀರು ಉಳಿಯುತ್ತದೆ. ಏಡಿ, ಸೀಗಡಿ ಎಲ್ಲ ಅಲ್ಲಿಗೇ ಬಂದು ಸೇರುತ್ತವೆ. ನಾನು ಚನ್ನಗಿರಿ ಕಡೆಯವಳು. ತವರಿನಲ್ಲಿ ಕೆರೆ ಮೀನು ತಿಂದು ಗೊತ್ತಿತ್ತು, ಏಡಿ ಮುಟ್ಟಿರಲಿಲ್ಲ. ಮದುವೆಯಾಗಿ ಬಂದ ವರ್ಷವೇ ಅತ್ತೆ ನನ್ನನ್ನು ಹಳ್ಳಕ್ಕೆ ಕರೆದುಕೊಂಡು ಹೋಗಿ ಏಡಿ ಹಿಡಿಯುವುದು ಕಲಿಸಿದರು. ಬಿಲದ ಬಾಯಲ್ಲಿ ಹಸಿ ಮಣ್ಣಿನ ಉಂಡೆಗಳಿದ್ದರೆ ಒಳಗೆ ಏಡಿ ಇರುತ್ತದೆ. ಬಾಯಿ ನುಣ್ಣಗಿದ್ದರೆ ಕೈ ಹಾಕಬಾರದು, ಹಾವು ಮಲಗಿರಬಹುದು. ಒಂದು ಹೊತ್ತಿನ ಸಾರಿಗೆ ಆಗುವಷ್ಟು ಸಿಕ್ಕಿತೆಂದರೆ ಅತ್ತೆ ಸೊಂಟ ನೆಟ್ಟಗೆ ಮಾಡಿ ಎದ್ದುಬಿಡುತ್ತಿದ್ದರು.

ಮೂರು ಬೇಸಿಗೆಯ ಹಿಂದಿನ ಮಾತಿದು. ನನ್ನ ಗಂಡ ಲಾರಿ ತೆಗೆದುಕೊಂಡು ಹೊರಗೆ ಹೋಗಿದ್ದರು. ಮನೆಯಲ್ಲಿ ನಾನು, ಅತ್ತೆ, ಮೈದುನ ಮೂವರೇ. ಮೈದುನ ಹೊನ್ನಾಳಿಯಲ್ಲಿ ಹೊಳೆ ಮೀನು ಕೊಂಡು ಊರೂರು ಸುತ್ತಿ ಮಾರುತ್ತಿದ್ದ. ಆ ದಿನ ಬೆಳಗ್ಗೆ ಏಳಕ್ಕೆ ಒಂದು ಬುಟ್ಟಿ ಸೀಗಡಿ ಹೊತ್ತು ಬಂದ. ಪ್ಯಾಂಟು ಮೊಣಕಾಲವರೆಗೂ ಒದ್ದೆಯಾಗಿತ್ತು.

"ಎಲ್ಲಿ ಸಿಕ್ತು ಇಷ್ಟೊಂದು?" ಎಂದು ಕೇಳಿದೆ.

"ಹೊಳೆಯಾಗೆ, ಅತ್ತಿಗೆ. ಮನೆಗೊಂದಿಷ್ಟು ತಗೀರಿ," ಎಂದು ಒಂದು ಬೋಗುಣಿ ತುಂಬಿಸಿ ಕೊಟ್ಟ. ಅಂಗಿ ಬದಲಿಸಿ, ಬುಟ್ಟಿಯನ್ನು ಬೈಕಿಗೆ ಕಟ್ಟಿಕೊಂಡು ನ್ಯಾಮತಿ ಸಂತೆಗೆ ಹೊರಟುಹೋದ.

ಅವನು ಬಿಚ್ಚಿಟ್ಟ ಅಂಗಿಯನ್ನು ನೆನೆ ಹಾಕಲು ಎತ್ತಿಕೊಂಡೆ. ಮೂಗಿಗೆ ಖಾರವಾದ ವಾಸನೆ ಬಡಿಯಿತು. ಭತ್ತಕ್ಕೆ ಹೊಡೆಯುವ ಔಷಧಿಯ ವಾಸನೆ. ಆದರೆ ಆಗ ಗದ್ದೆಗಳೆಲ್ಲ ಒಣಗಿ ಬಿರುಕು ಬಿಟ್ಟಿದ್ದವು, ಔಷಧಿ ಹೊಡೆಯಲು ಯಾರ ಹೊಲದಲ್ಲೂ ಪೈರಿರಲಿಲ್ಲ. ನನಗೆ ಅದು ಹೊಳೆಯದೆ ಹೋಯಿತು ಎಂದರೆ ಸುಳ್ಳಾಗುತ್ತದೆ. ಹೊಳೆಯಿತು. ಆದರೂ ಅಂಗಿಯನ್ನು ಸೋಪಿನ ನೀರಿಗೆ ಅದ್ದಿ, ಸೀಗಡಿ ಬಿಡಿಸಲು ಕೂತೆ. ಸಿಪ್ಪೆಯನ್ನು ಹಿತ್ತಿಲಿಗೆ ಎಸೆದೆ.

ಹತ್ತು ಗಂಟೆಯ ಹೊತ್ತಿಗೆ ಅತ್ತೆ ಹಳ್ಳದಿಂದ ಬಂದರು. ಕೈಯಲ್ಲಿದ್ದ ಕುಕ್ಕೆ ಖಾಲಿ.

"ಏಡಿ ಸಿಗ್ಲಿಲ್ವಾ ಅತ್ತೆ?"

"ಸಿಗಾಕೇನು, ಎಲ್ಲಾ ಮ್ಯಾಲೇ ಬಂದಾವೆ." ಅವರು ಕೂರಲಿಲ್ಲ. "ಬಿಸ್ಲಾಗೆ ಬಂಡೆ ಮ್ಯಾಲೆ ಹತ್ಯಾವೆ. ಕಾಲು ನಡುಗ್ತಾವೆ. ನಾನು ಹತ್ರ ಹೋದ್ರೂ ಓಡಲ್ಲ. ಸಣ್ಣ ಮೀನೆಲ್ಲ ಹೊಟ್ಟೆ ಮ್ಯಾಲಾಗಿ ತೇಲ್ತಾವೆ. ಯಾರೋ ಗುಂಡಿಗೆ ಏನೋ ಸುರಿದಾರೆ."

ಅಷ್ಟರಲ್ಲಿ ಅವರ ಕಣ್ಣು ನನ್ನ ಮುಂದಿನ ಬೋಗುಣಿಯ ಮೇಲೆ ಬಿತ್ತು. ಯಾರು ತಂದದ್ದು ಎಂದು ಕೇಳಲೇ ಇಲ್ಲ. ಹಿತ್ತಿಲ ಬಾಗಿಲಿಗೆ ಹೋಗಿ ನಿಂತರು. ನಾನೂ ಹಿಂದೆಯೇ ಹೋದೆ. ಸಿಪ್ಪೆ ಕೆದಕಿ ತಿಂದಿದ್ದ ನಮ್ಮ ಕೆಂಪು ಕೋಳಿ ಒಂದು ಮಗ್ಗುಲಾಗಿ ಬಿದ್ದು, ಒಂದೇ ರೆಕ್ಕೆಯನ್ನು ನೆಲಕ್ಕೆ ಬಡಿಯುತ್ತಿತ್ತು.

"ಕೈ ತೊಳ್ಕಾ," ಎಂದರು ಅತ್ತೆ. "ಚೆನ್ನಾಗಿ ತೊಳ್ಕಾ. ಆಮ್ಯಾಲೆ ಅವನಿಗೆ ಫೋನ್ ಹಚ್ಚು."

ನಾಲ್ಕು ಸಲ ಮಾಡಿದ ಮೇಲೆ ಮೈದುನ ಫೋನ್ ಎತ್ತಿದ. ಮಾರಾಟ ಇನ್ನೂ ಅಷ್ಟಾಗಿಲ್ಲ, ಇಬ್ಬರೇ ಕೊಂಡಿದ್ದಾರೆ ಎಂದ. ಅತ್ತೆ ನನ್ನ ಕೈಯಿಂದ ಫೋನ್ ಕಿತ್ತುಕೊಂಡರು.

"ಯಾರ್‍ಯಾರಿಗೆ ಕೊಟ್ಟೆ? ಹೇಳು."

ಅವನ ಸಣ್ಣ ದನಿ ಪಕ್ಕದಲ್ಲಿದ್ದ ನನಗೂ ಕೇಳಿಸಿತು: "ಬಸ್ ಸ್ಟ್ಯಾಂಡ್ ಹಿಂದೆ ಟೈಲರ್ ಸಾಬ್ರ ಮನೆ ಐತಲ್ಲ, ಅವರ ಮನೆಯಮ್ಮಗೆ. ಇನ್ನೊಬ್ಬ ಬೈಕ್‌ನಾಗೆ ಬಂದಿದ್ದ. ಗುರ್ತಿಲ್ಲ. ಸವಳಂಗದ ಕಡೆ ಹೋದ. ಅವ್ವಾ, ತೊಳೆದ್ರೆ ಏನೂ ಆಗಲ್ಲ ಅಂದ್ಕಂಡಿದ್ದೆ."

"ಬುಟ್ಟಿ ಮುಚ್ಚಿಟ್ಟು ಅಲ್ಲೇ ಕೂತಿರು. ನೀನು ಹೋದ್ರೆ ಏನಾದ್ರೂ ಸುಳ್ಳು ಹೇಳಿ ಬರ್ತೀಯ, ನಾನೇ ಬರ್ತೀನಿ," ಎಂದು ಅತ್ತೆ ಫೋನ್ ಇಟ್ಟರು.

ಬಸ್ಸು ಸಿಗುವುದು ತಡವಾಯಿತು. ನಾವು ನ್ಯಾಮತಿಯಲ್ಲಿ ಇಳಿದಾಗ ಊಟದ ಹೊತ್ತು ಮೀರಿತ್ತು. ಟೈಲರ್ ಅಂಗಡಿಗೆ ಅರ್ಧ ಶಟರ್ ಎಳೆದಿತ್ತು. ಮನೆ ಅದರ ಹಿಂದೆಯೇ. ಬಾಗಿಲು ತೆರೆದ ಹೆಂಗಸಿಗೆ ನನ್ನಷ್ಟೇ ವಯಸ್ಸು.

"ಬೆಳಗ್ಗೆ ತಗೊಂಡ ಸೀಗಡಿ ಏನು ಮಾಡಿದ್ಯವ್ವಾ?" ಅತ್ತೆ ನೇರವಾಗಿ ಕೇಳಿದರು.

"ಸಾರು ಮಾಡಿದೆ ಅಮ್ಮಾ. ರಂಜಾನಿನಲ್ಲಿ ಬಿಟ್ಟುಹೋದ ರೋಜಾ ಇವತ್ತು ಹಿಡಿದೀನಿ, ನಾನು ತಿಂದಿಲ್ಲ. ಇವರೊಬ್ಬರೇ ಉಂಡು ಮಲಗಿದಾರೆ. ಯಾಕ್ರೀ, ಏನಾಯ್ತು?"

"ಎಬ್ಬಿಸು."

"ಈಗ ಮಲಗಿದಾರೆ..."

"ಎಬ್ಬಿಸು ತಾಯಿ."

ಅವಳು ಒಳಗೆ ಹೋಗಿ ಗಂಡನನ್ನು ಕರೆದಳು. ಮತ್ತೆ ಕರೆದಳು. ಮೂರನೇ ಸಲ ಅವಳ ದನಿ ಬದಲಾಯಿತು. ನಾವು ಒಳಗೆ ನುಗ್ಗಿದೆವು. ಚಾಪೆಯ ಮೇಲಿದ್ದ ಆ ಮನುಷ್ಯ ಬೆವರಿನಲ್ಲಿ ತೊಯ್ದುಹೋಗಿದ್ದ. ಬಾಯಿಂದ ಜೊಲ್ಲು ಇಳಿದು ದಿಂಬು ಒದ್ದೆಯಾಗಿತ್ತು. ತೋಳಿನ ಮಾಂಸ ಚರ್ಮದ ಕೆಳಗೆ ತಾನೇ ತಾನಾಗಿ ಅದುರುತ್ತಿತ್ತು. ಕಣ್ಣು ಅರ್ಧ ಬಿಟ್ಟಿದ್ದರೂ ನಮ್ಮಲ್ಲಿ ಯಾರನ್ನೂ ಅವನು ನೋಡುತ್ತಿರಲಿಲ್ಲ.

ಆಟೋದಲ್ಲಿ ಅವನ ತಲೆ ನನ್ನ ತೊಡೆಯ ಮೇಲಿತ್ತು. ಉಸಿರು ಗೊರಗೊರ ಎನ್ನುತ್ತಿತ್ತು. ಬೆಳಗ್ಗೆ ಅಂಗಿ ಕೈಯಲ್ಲಿದ್ದಾಗಲೇ ಒಂದು ಫೋನ್ ಮಾಡಿದ್ದರೆ, ಎಂದು ದಾರಿಯುದ್ದಕ್ಕೂ ನನಗೆ ಅದೊಂದೇ ಯೋಚನೆ.

ಆಸ್ಪತ್ರೆಯಲ್ಲಿ ನರ್ಸಮ್ಮ, "ಸೀಗಡಿ ಕೆಟ್ಟಿರಬೇಕು, ಬಿಸಿಲಿಗೆ ಬೇಗ ಕೆಡುತ್ತೆ," ಎಂದರು. ಹಾಗೆಂದೇ ಬರೆದುಕೊಳ್ಳಲಿ ಎಂದು ನನಗೆ ಒಂದು ಕ್ಷಣ ಆಸೆಯಾಯಿತು.

ಅತ್ತೆ ಡಾಕ್ಟರ ಮುಂದೆ ಬಂದರು. "ಕೆಟ್ಟಿರ್ಲಿಲ್ಲ ಡಾಕ್ಟ್ರೇ. ನೀರಿಗೆ ಔಷಧಿ ಹಾಕಿ ಹಿಡಿದಿದ್ದು. ಹಾಕಿದೋನು ನನ್ನ ಮಗ."

ರೋಗಿಯ ಹೆಂಡತಿ ತಿರುಗಿ ಅತ್ತೆಯ ಮುಖ ನೋಡಿದಳು. ಅವಳು ಬೈದಿದ್ದರೆ ನಮಗೆ ಹಗುರಾಗುತ್ತಿತ್ತು.

ಯಾವ ಔಷಧಿ ಎಂದು ಡಾಕ್ಟರು ಕೇಳಿದರು. ಅತ್ತೆ ಮಗನಿಗೆ ಫೋನ್ ಮಾಡಿಸಿ ಬಾಟಲಿ ತರಲು ಹೇಳಿದರು. ಬರುವುದಿಲ್ಲ, ಎಲ್ಲಾದರೂ ಓಡಿಹೋಗುತ್ತಾನೆ ಎಂದುಕೊಂಡಿದ್ದೆ. ಬಂದ. ಹಳ್ಳದ ದಡದ ಲಂಟಾನ ಪೊದೆಯಲ್ಲಿ ಎಸೆದಿದ್ದ ಬಾಟಲಿಯನ್ನು ಹುಡುಕಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದು, ಬಾಗಿಲ ಹೊರಗೇ ನಿಂತು ನನ್ನ ಕೈಗೆ ಕೊಟ್ಟ. ಡಾಕ್ಟರು ಅದರ ಚೀಟಿ ಓದಿ ಸೂಜಿ ಮದ್ದು ಹಾಕಿ, ಕೂಡಲೇ ಆಂಬುಲೆನ್ಸಿನಲ್ಲಿ ಶಿವಮೊಗ್ಗಕ್ಕೆ ಕಳಿಸಿದರು. ಟೈಲರ್ ಒಂಬತ್ತು ದಿನದ ಮೇಲೆ ಮನೆಗೆ ಬಂದರು. ಜೀವ ಉಳಿಯಿತು. ಆದರೆ ಕೈನಡುಕ ಹೋಗಲಿಲ್ಲ. ಸೂಜಿಗೆ ದಾರ ಪೋಣಿಸಲು ಈಗಲೂ ಹೆಂಡತಿಯೇ ಬೇಕು.

ಆಸ್ಪತ್ರೆಗೆ ಸೇರಿಸಿದ ಸಂಜೆಯೇ ಅತ್ತೆ ಮಗನನ್ನು ಪೊಲೀಸ್ ಸ್ಟೇಷನ್‌ಗೆ ಕರೆದುಕೊಂಡು ಹೋದರು. ಅವನು ಅಲ್ಲಿ ಎಲ್ಲವನ್ನೂ ಒಪ್ಪಿಕೊಂಡ. ಬುಟ್ಟಿಯಲ್ಲಿ ಉಳಿದಿದ್ದ ಸೀಗಡಿಯನ್ನು ಆಳವಾದ ಗುಂಡಿ ತೋಡಿ ಸುಣ್ಣ ಸುರಿದು ಹೂತರು.

ಇನ್ನು ಹುಡುಕಬೇಕಾಗಿ ಉಳಿದವನು ಬೈಕಿನವನು. ಮರುದಿನ ನಾನೂ ಅತ್ತೆಯೂ ಸವಳಂಗಕ್ಕೆ ಹೋದೆವು. ಬಸ್ ಸ್ಟಾಪಿನ ಚಹಾ ಅಂಗಡಿ, ಪಂಕ್ಚರ್ ಅಂಗಡಿ, ಔಷಧಿ ಅಂಗಡಿ, ಎಲ್ಲ ಕಡೆ ಕೇಳಿದೆವು. ನಿನ್ನೆ ಯಾರಿಗಾದರೂ ವಾಂತಿಯಾಯಿತಾ, ಯಾರನ್ನಾದರೂ ಆಸ್ಪತ್ರೆಗೆ ಸೇರಿಸಿದರಾ? ಎಲ್ಲರೂ ಇಲ್ಲ ಎಂದರು. "ಮುಂದಕ್ಕೆ ಎಷ್ಟೋ ಹಳ್ಳಿ ಅದಾವ್ರಿ. ಯಾವುದಂತ ಹುಡುಕ್ತೀರಿ?" ಎಂದ ಪಂಕ್ಚರ್ ಅಂಗಡಿಯವನು. ಅತ್ತೆ ರಸ್ತೆಯ ಬದಿಗೆ ನಿಂತು, ಹೋಗಿಬರುವ ಒಂದೊಂದು ಬೈಕನ್ನೂ ಸಂಜೆಯವರೆಗೆ ನೋಡಿದರು. ಪೊಲೀಸರೂ ವಿಚಾರಿಸಿದರಂತೆ, ಏನೂ ತಿಳಿಯಲಿಲ್ಲ.

ಮೈದುನ ಜಾಮೀನಿನ ಮೇಲೆ ಹೊರಗೆ ಬಂದವನು ಈಗ ಜಗಳೂರಿನಲ್ಲಿದ್ದಾನೆ. ಮೆಕ್ಕೆಜೋಳದ ಗೋದಾಮಿನಲ್ಲಿ ಚೀಲ ಹೊರುತ್ತಾನೆ. ಕೇಸಿನ ದಿನ ಮಾತ್ರ ಈ ಕಡೆ ಬರುತ್ತಾನೆ, ಮನೆಗೆ ಬರುವುದಿಲ್ಲ. ತಿಂಗಳಿಗೊಮ್ಮೆ ನನಗೆ ಫೋನ್ ಮಾಡಿ ಅವ್ವ ಹೆಂಗವಳೆ ಎಂದು ಕೇಳುತ್ತಾನೆ. ಆಮೇಲೆ, "ಅತ್ತಿಗೆ, ಸವಳಂಗದ ಕಡೆಯಿಂದ ಏನಾದ್ರೂ ತಿಳೀತಾ?" ಎನ್ನುತ್ತಾನೆ.

ಇಲ್ಲ ಎನ್ನುತ್ತೇನೆ. ಮುಂದಿನ ತಿಂಗಳು ಮಾಡ್ತೀನಿ ಎಂದು ಅವನು ಫೋನ್ ಇಡುತ್ತಾನೆ.