ಬಶಿಯಲ್ಲಿ ಚಹಾ ಕುಡಿದ ದಿನ

ಇವತ್ತು ಬೆಳಿಗ್ಗೆ ಸವಣೂರಿನ ಬಸ್ ನಿಲ್ದಾಣದಲ್ಲಿ ಕಸ ಗುಡಿಸುವ ಅಕ್ಕ ನಮ್ಮ ಕಂಟ್ರೋಲ್ ರೂಮಿನ ಹೊರಗಿನ ಕರಿಹಲಗೆಗೆ ಕಪ್ಪೇರಲೆಂದು ತೊಂಡೆ ಎಲೆ, ಇದ್ದಿಲು ಹಚ್ಚಿ ತಿಕ್ಕುತ್ತಿದ್ದಳು. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಹಾನಗಲ್ಲಿನ ನಮ್ಮ ಹೈಸ್ಕೂಲು, ಅದರ ವರಾಂಡ, ಅಲ್ಲಿ ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದ ಇತಿಹಾಸದ ಮಾಸ್ತರರು... ಇಷ್ಟು ವರ್ಷವಾದರೂ ಅವರ ಮೇಲಿನ ನನ್ನ ಸಿಟ್ಟು ಇಳಿದಿಲ್ಲ. ಇಳಿಯಲಿ ಎಂದು ನಾನು ಬಯಸಿಯೂ ಇಲ್ಲ.

ವರಾಂಡದಲ್ಲಿ ಅವರದೊಂದು ಹಲಗೆ ಇತ್ತು. ನೆತ್ತಿಯ ಮೇಲೆ ‘ಈ ದಿನದ ವಿಶೇಷ’ ಎಂದು ಬಣ್ಣದಲ್ಲಿ ಬರೆಸಿದ್ದರು. ಪ್ರಾರ್ಥನೆಗೆ ಮುಂಚೆ ನಮ್ಮಲ್ಲೊಬ್ಬರು ಅದೇ ತಾರೀಖಿನಂದು ಹಿಂದೆ ನಡೆದದ್ದನ್ನು ಹುಡುಕಿ ಬರೆಯಬೇಕು. ಯಾವುದೋ ರಾಜನ ಪಟ್ಟಾಭಿಷೇಕ, ಕ್ರಿಕೆಟ್ ಆಟಗಾರನ ಜನ್ಮದಿನ, ಸಿನಿಮಾ ಬಿಡುಗಡೆಯಾದ ದಿನ, ಯಾವುದಾದರೂ ನಡೆಯುತ್ತಿತ್ತು. ಶಾಸನ ಕಂಡರಂತೂ ಮಾಸ್ತರರು ಊಟ ಮರೆಯುತ್ತಿದ್ದರು. ನಮ್ಮನ್ನು ಆಡೂರಿಗೆ ಕರೆದೊಯ್ದು, ಭೂಮಿ ದಾನ ಕೊಟ್ಟ ದೊರೆಯ ಕಥೆಯನ್ನು ಕಲ್ಲಿನ ಮೇಲೆ ಬೆರಳಾಡಿಸುತ್ತ ಹೇಳುವಾಗ ಅವರ ಕಣ್ಣುಗಳು ತುಂಬಿ ಬರುತ್ತಿದ್ದವು. ಚೆನ್ನಾಗಿ ಕಲಿಸುತ್ತಿದ್ದರು, ಸುಳ್ಳು ಹೇಳಲಾರೆ.

ನನ್ನ ಪಾಳಿ ಗಣರಾಜ್ಯೋತ್ಸವದ ಮರುದಿನ ಬಂತು. ನಮ್ಮ ಓಣಿಗೆ ಆ ದಿನವೇ ದೊಡ್ಡದು. ಅಜ್ಜನ ಕಾಲದಲ್ಲಿ ನಮ್ಮೂರ ಚಹಾದಂಗಡಿಯಲ್ಲಿ ನಮ್ಮ ಓಣಿಯವರಿಗೆ ಒಳಗೆ ಜಾಗವಿರಲಿಲ್ಲ. ಕಪ್ಪು, ಅದರಡಿಯ ಬಶಿ ಒಳಗೆ ಕೂತವರಿಗೆ ಮಾತ್ರ. ಹೊರಗೆ ಕುಕ್ಕರುಗಾಲಲ್ಲಿ ಕೂತು, ನಮಗೆಂದೇ ಬೇರೆ ಇಟ್ಟ ಗ್ಲಾಸನ್ನು ತಾವೇ ತೊಳೆದುಕೊಂಡು ಚಹಾ ಹಾಕಿಸಿಕೊಳ್ಳಬೇಕಿತ್ತು. ಒಂದು ವರ್ಷ ಧ್ವಜ ಹಾರಿಸಲು ಬಂದ ಸಾಹೇಬರು, ಕಾನೂನಿನ ಮುಂದೆ ಎಲ್ಲರೂ ಸಮಾನರು ಎಂದು ಭಾಷಣ ಮಾಡಿದರು. ಅಜ್ಜ ಹಿಂದೆ ನಿಂತು ಕೇಳಿದ. ಮರುದಿನ ಬೆಳಿಗ್ಗೆ ಸೀದಾ ಅಂಗಡಿಯ ಒಳಗೆ ಹೋಗಿ ಬೆಂಚಿನ ಮೇಲೆ ಕೂತ.

“ಕಪ್ಪು-ಬಶ್ಯಾಗ ಚಾ ಕೊಡ್ರಿ. ನಿನ್ನೆ ಸಾಹೇಬ್ರು ಹೇಳಿದ್ದು ನೀವೂ ಕೇಳೀರಿ” ಎಂದನಂತೆ.

ಚಹಾ ಬಂತು. ಕುಡಿದು ಹೊರಬಂದಾಗ ಏಟೂ ಬಿದ್ದವು. ಹುಬ್ಬಿನ ಮೇಲಿನ ಆ ಕಲೆ ಅವನು ಸಾಯುವತನಕ ಇತ್ತು. ಆವತ್ತಿನಿಂದ ಪ್ರತಿ ವರ್ಷ ಆ ದಿನ ಓಣಿಯವರೆಲ್ಲ ಕಟ್ಟೆಯ ಮೇಲೆ ಕೂತು ಬಶಿಯಲ್ಲಿ ಚಹಾ ಕುಡಿಯುತ್ತೇವೆ. ಅಜ್ಜ ಇರುವ ತನಕ ಮೊದಲ ಬಶಿ ಅವನದೇ.

ನಾನು ಬೇಗ ಹೋಗಿ ಹಲಗೆಯ ಮೇಲೆ ಎರಡು ಸಾಲು ಬರೆದೆ. ಒಂದು, ಸಿನಿಮಾ ನಟನೊಬ್ಬನ ಹುಟ್ಟುಹಬ್ಬ. ಇನ್ನೊಂದು, ನಮ್ಮ ಅಜ್ಜ ಅಂಗಡಿಯ ಒಳಗೆ ಕೂತು ಬಶಿಯಲ್ಲಿ ಚಹಾ ಕುಡಿದ ದಿನ. ಮಾಸ್ತರರು ಬಂದರು, ಓದಿದರು, ಎರಡನೆಯ ಸಾಲನ್ನು ಅಂಗೈಯಿಂದ ಒರೆಸಿ ಹಾಕಿದರು.

“ಇದು ಇತಿಹಾಸ ಅಲ್ಲವ್ವಾ. ನಿಮ್ಮ ಮನಿ ಸುದ್ದಿ. ಮನ್ಯಾಗ ಇರಲಿ.”

ಪ್ರಾರ್ಥನೆಯ ಸಾಲಿನಲ್ಲಿ ನಿಂತವರು ಕಿಸಕ್ಕನೆ ನಕ್ಕರು. ನಟನ ಹುಟ್ಟುಹಬ್ಬ ಮಾತ್ರ ಸಂಜೆಯವರೆಗೂ ಅಲ್ಲೇ ಇತ್ತು. ಮನೆಗೆ ಹೋದರೆ ಅಜ್ಜ ಬಶಿ ಹಿಡಿದು ನನಗಾಗಿ ಕಾಯುತ್ತಿದ್ದ. “ಬರದೇನವಾ? ಎಲ್ಲಾರೂ ಓದಿದ್ರೇನು?” ಎಂದು ಕೇಳಿದ. ಓದಿದರು ಎಂದೆ. ಆ ಸುಳ್ಳನ್ನು ನನ್ನ ಬಾಯಿಂದ ಆಡಿಸಿದ್ದಕ್ಕೆ ನಾನು ಮಾಸ್ತರರನ್ನು ಕ್ಷಮಿಸಿಲ್ಲ.

ಅವರಿಂದಲೇ ಅದನ್ನು ಓದಿಸಬೇಕು, ಓದಿ ಅವರು ತಲೆ ತಗ್ಗಿಸಬೇಕು ಎಂದು ಹಟ ಹಿಡಿದೆ. ಇಲ್ಲಿಗೆ ಕಂಟ್ರೋಲರ್ ಆಗಿ ಬಂದ ವರ್ಷವೇ ಈ ಹಲಗೆ ಹಾಕಿಸಿದೆ. ದಿನಾ ಅವರ ಹಾಗೆಯೇ ಆ ದಿನದ ವಿಶೇಷ ಬರೆದೆ. ಅಜ್ಜನ ದಿನ ಬಂದಾಗ ಅವನ ಸಾಲು ಎಲ್ಲಕ್ಕಿಂತ ಮೇಲೆ, ದೊಡ್ಡ ಅಕ್ಷರದಲ್ಲಿ. ನಿವೃತ್ತರಾಗಿ ಬಂಕಾಪುರದ ಮಗಳ ಮನೆಯಲ್ಲಿದ್ದ ಮಾಸ್ತರರು ಆಗೀಗ ಸವಣೂರಿಗೆ ಬರುತ್ತಾರೆಂದು ಗೊತ್ತಿತ್ತು. ಕೆಲವು ವರ್ಷ ಆ ದಿನಕ್ಕೆ ಸರಿಯಾಗಿ ಅವರು ಬರಲಿಲ್ಲ. ಒಂದು ವರ್ಷ ಬಂದರು... ಕೋಲು ಊರಿಕೊಂಡು ಹಲಗೆಯ ಮುಂದೆ ನಿಂತು, ಕನ್ನಡಕ ಏರಿಸಿ, ಪೂರ್ತಿ ಓದಿದರು. ನಾನು ಕೆಲಸ ಬಿಟ್ಟು ಹೊರಬಂದು ಅವರ ಪಕ್ಕದಲ್ಲಿ ನಿಂತೆ.

“ಭಾಳ ಚೊಲೋ ಬರದೀರಿ. ಇಂಥಾದ್ದನ್ನ ಯಾರೂ ಬರಿಯೂದಿಲ್ಲ. ಯಾರ ಅಜ್ಜರಿ ಇವರು?”

“ನಮ್ಮ ಅಜ್ಜರಿ ಸರ. ಹೈಸ್ಕೂಲಿನ್ಯಾಗ ನಾ ಇದನ್ನ ಬರದಾಗ ನೀವ ಅಳಿಸಿದ್ರಿ.”

ಅವರು ನನ್ನ ಮುಖವನ್ನೇ ನೋಡಿದರು. ಎಷ್ಟು ನೋಡಿದರೂ ನೆನಪಾಗಲಿಲ್ಲ.

“ಅಳಿಸಿರಬೇಕವಾ. ದಿನಾ ಏನರ ಒಂದು ಅಳಸೂದು ಇರತಿತ್ತು” ಎಂದರು. ಆಮೇಲೆ ಬಂಕಾಪುರದ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳಿದರು. ನಾನೇ ತೋರಿಸಿದೆ, ಅದು ನನ್ನ ಕೆಲಸ.

ಬಸ್ಸು ಹೋದ ಮೇಲೆ ಮೈಯೆಲ್ಲ ಉರಿದುಹೋಯಿತು. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ತಪ್ಪಾಯಿತು ಎಂದಿದ್ದರೆ ಅದನ್ನೂ ಒಪ್ಪದೆ ಸತಾಯಿಸುತ್ತಿದ್ದೆ. ಈ ಮನುಷ್ಯ ಮರೆತು ಪಾರಾಗಿಬಿಟ್ಟರು.

ಅವರು ತೀರಿಕೊಂಡು ಇವತ್ತಿಗೆ ವರ್ಷ. ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ನಸುಕಿನಿಂದ ಹೂವು, ಮುಗಿದ ಕೈಗಳು. ಶಿಗ್ಗಾವಿಯಲ್ಲಿರುವ ನನ್ನ ಗೆಳತಿ ಫೋನೇ ಮಾಡಿದಳು.

“ನಿನ್ನ ಬೋರ್ಡಿನ್ಯಾಗ ಸರ್ ಅವರ ಪುಣ್ಯತಿಥಿ ಹಾಕ. ಈ ಪದ್ಧತಿ ಕಲಿಸಿದವ್ರ ಅವರಲ್ಲೇನು?”

“ಹಾಕೂದಿಲ್ಲ.”

“ಸತ್ತವರ ಮ್ಯಾಲೂ ಸಿಟ್ಟೇನ ನಿಂದು?”

“ಅವರಂತೂ ಮರತ ಹೋದ್ರು. ನಾನೂ ಮರತ್ರ ಅದು ನಡದ ಇಲ್ಲ ಅಂತಾತು” ಎಂದೆ.

ಫೋನಿಟ್ಟು ಹಲಗೆಯ ಮೇಲೆ ಇವತ್ತು ಹುಟ್ಟಿದ ಗಾಯಕಿಯೊಬ್ಬಳ ಹೆಸರು ಬರೆದೆ. ಕೆಳಗೆ ಇನ್ನೊಂದು ಸಾಲಿಗೆ ಜಾಗವಿತ್ತು, ಹಾಗೇ ಬಿಟ್ಟೆ. ಅವರು ಬದುಕಿದ್ದಿದ್ದರೆ ಅಜ್ಜನ ದಿನ ಮತ್ತೆ ಕರೆಸಿ, ಇದೇ ಹಲಗೆಯ ಮುಂದೆ ನಿಲ್ಲಿಸಿ, ನೆನಪಾಗುವ ತನಕ ಓದಿಸುತ್ತಿದ್ದೆ... ಈಗ ಯಾರನ್ನು ನಿಲ್ಲಿಸಲಿ?